ಹುಲಿ ಉಳಿಯೋದು ಕೊಟ್ಟಿಗೆಯಲ್ಲಿ!

ಹುಲಿಯ ಮೇಲೆ ಕೂತ ಮಾದಪ್ಪನ ಫೋಟೊ ಇಲ್ಲದ ಮನೆ ನಮ್ಮ ಚಾಮರಾಜನಗರದ ಕಡೆ ಸಿಗೋದು ಕಷ್ಟ. ಬೆಂಗಳೂರಿಗೆ ಬಂದು ಕೋಡ್ ಬರೆಯೋ ಕೆಲಸ ಹಿಡಿದ ಮೇಲೂ ನನ್ನ ಬೈಕ್ ಕೀ ಗೊಂಚಲಲ್ಲಿ ಅವನೇ ಇದ್ದಾನೆ. ಹಾಗಾಗಿ 2025ರ ಜೂನ್ ಕೊನೆಯ ವಾರ ಬಂದ ಸುದ್ದಿ ಓದಿ ಅವತ್ತು ಕೆಲಸವೇ ಓಡಲಿಲ್ಲ. ಮಲೆ ಮಹದೇಶ್ವರ ವನ್ಯಧಾಮದಲ್ಲಿ ಒಂದು ತಾಯಿ ಹುಲಿ, ಜೊತೆಗೆ ನಾಲ್ಕು ಮರಿ ಸತ್ತು ಬಿದ್ದಿದ್ದವು. ಹುಲಿ ಕೊಂದಿದ್ದ ಹಸುವಿನ ಕಳೇಬರಕ್ಕೆ ವಿಷ ಹಾಕಲಾಗಿತ್ತು.

ದೊಡ್ಡ ಬೇಟೆಯನ್ನು ಹುಲಿ ಒಂದೇ ಸಲಕ್ಕೆ ತಿಂದು ಮುಗಿಸಲ್ಲ. ಮರೆಗೆ ಎಳೆದಿಟ್ಟು ಮತ್ತೆ ಬರುತ್ತೆ, ಮರಿಗಳಿದ್ದರೆ ಅವನ್ನೂ ಕರೆತರುತ್ತೆ. ಒಂದು ಹಸುವಿನ ಸಿಟ್ಟಿಗೆ ಐದು ಹುಲಿ ಹೋಗಿದ್ದು ಹೀಗೆ.

"ಎಂಥ ಪಾಪಿಗಳು!" ಅಂತ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರೂ ಬೈದರು. ನಾನೂ ಬೈದೆ. ರಾತ್ರಿ ಊರಿಗೆ ಫೋನ್ ಮಾಡಿದರೆ ಅಪ್ಪ ಹೇಳಿದ್ದೇ ಬೇರೆ: "ತಪ್ಪೇ ಕಣಪ್ಪ. ಆದ್ರೆ ಹಾಲು ಕರೆಯೋ ಹಸ ಹೋದ್ರೆ ಆ ಮನೆ ನಡೆಯೋದು ಹೆಂಗೆ ಅಂತ ನಿನ್ ಗ್ರೂಪಲ್ಲಿ ಯಾರಾದ್ರೂ ಕೇಳುದ್ರಾ?"

ಯಾರೂ ಕೇಳಿರಲಿಲ್ಲ.

ಹುಲಿ ಉಳಿಸೋದರಲ್ಲಿ ನಾವು ಸೋತವರೇನಲ್ಲ. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ಆರಿಸಿದ ಮೊದಲ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ; ಕಾಡಿನ ಕ್ಯಾಮೆರಾ ತೆಗೆದ ಫೋಟೊಗಳಲ್ಲಿ ಪಟ್ಟೆ ಹೋಲಿಸಿ, ಇದು ಯಾವ ಹುಲಿ ಅಂತ ಗುರುತಿಸೋಕೆ ಈಗ ಸಾಫ್ಟ್‌ವೇರ್ ಇದೆ. 2022ರ ಗಣತಿಯ ಪ್ರಕಾರ ಕರ್ನಾಟಕದಲ್ಲಿ 563 ಹುಲಿಗಳು. ಮಧ್ಯಪ್ರದೇಶ ಬಿಟ್ಟರೆ ದೇಶದಲ್ಲಿ ನಾವೇ.

ಆದರೆ ಬೆಳೆದ ಮರಿ ತಾಯಿಯನ್ನು ಬಿಟ್ಟು ತನ್ನದೇ ಜಾಗ ಹುಡುಕಬೇಕು. ಬಿಳಿಗಿರಿರಂಗನ ಬೆಟ್ಟ, ಮಾದಪ್ಪನ ಬೆಟ್ಟ, ತಮಿಳುನಾಡಿನ ಸತ್ಯಮಂಗಲ, ಇವೆಲ್ಲ ಒಂದಕ್ಕೊಂದು ಅಂಟಿಕೊಂಡ ಕಾಡುಗಳು. ಹುಲಿ ಓಡಾಡೋದು ಇಲ್ಲೇ, ದನ ಮೇಯೋದೂ ಇಲ್ಲೇ.

ಹುಲಿ ದನ ಕೊಂದರೆ ಸರ್ಕಾರದ ಪರಿಹಾರ ಉಂಟು. ಆದರೆ ಅರ್ಜಿ, ಸ್ಥಳ ಪರಿಶೀಲನೆ, ಪಶುವೈದ್ಯರ ವರದಿ ಎಲ್ಲ ಮುಗಿಯಬೇಕು. ಅಲ್ಲೀತನಕ ಹೊಟ್ಟೆ ಕಾಯಲ್ಲ, ಸಿಟ್ಟೂ ಕಾಯಲ್ಲ. ಹುಲಿಯ ಪಟ್ಟೆ ಗುರುತಿಸೋ ಸಾಫ್ಟ್‌ವೇರ್ ಬರೆದಿದ್ದೇವೆ, ಟೀ ಕುಡಿದ ದುಡ್ಡು ಕಣ್ಣುಮುಚ್ಚಿ ತೆರೆಯೋದರೊಳಗೆ ಅಂಗಡಿಯವನಿಗೆ ಹೋಗುತ್ತೆ. ಹಸು ಕಳಕೊಂಡವರ ಖಾತೆಗೆ ವಾರದೊಳಗೆ ಪರಿಹಾರ ಹಾಕೋದು ಅಷ್ಟು ಕಷ್ಟವೇ? ಜೊತೆಗೆ ರಾತ್ರಿ ದನ ಕಟ್ಟೋಕೆ ಗಟ್ಟಿ ಕೊಟ್ಟಿಗೆ ಕಟ್ಟಿಸಿಕೊಟ್ಟರೆ ಎಷ್ಟೋ ಹಸು, ಎಷ್ಟೋ ಹುಲಿ ಎರಡೂ ಉಳಿದಾವು.

ವಿಷ ಇಟ್ಟವರಿಗೆ ಶಿಕ್ಷೆ ಆಗಲೇಬೇಕು. ಆದರೆ ಇನ್ನೊಬ್ಬರು ವಿಷದ ಬಾಟಲಿಗೆ ಕೈ ಹಾಕೋ ಮೊದಲೇ ಪರಿಹಾರದ ದುಡ್ಡು ಅವರ ಮನೆ ತಲುಪಬೇಕು.

ನಿಮ್ಮೂರು ಕಾಡಂಚಿನಲ್ಲಿದೆಯಾ? ಅಲ್ಲಿ ಪರಿಹಾರ ಎಷ್ಟು ದಿನಕ್ಕೆ ಬರುತ್ತೆ? ಬರೆದು ತಿಳಿಸಿ.