ಲೆಕ್ಕದಿಂದ ಹಾಡುವ ರೇಡಿಯೋ

ರೇಡಿಯೋ ಪೆಟ್ಟಿಗೆಯನ್ನು ಬಿಚ್ಚಿ ನೋಡಿದವರಿಗೆ ಅದರೊಳಗಿನ ತಂತಿಸುರುಳಿಗಳು ಪರಿಚಿತವೇ. ಬೇಕಾದ ನಿಲಯವನ್ನು ಆರಿಸುವುದು, ಅಲೆಯಿಂದ ಧ್ವನಿಯನ್ನು ಬೇರ್ಪಡಿಸುವುದು ಅಂಥ ಭಾಗಗಳ ಕೆಲಸ. ಇದನ್ನೇ ಗಣಿತದಿಂದ ನಡೆಸಲು ಸಾಧ್ಯವೆ? ಸಾಧ್ಯವೆಂಬುದಕ್ಕೆ ಸಾಫ್ಟ್‌ವೇರ್ ರೇಡಿಯೋ ಸಾಕ್ಷಿ.

ಗಣಕಯಂತ್ರದಲ್ಲಿ ಟೆಲಿವಿಷನ್ ನೋಡಲೆಂದು ಮಾರುತ್ತಿದ್ದ ಬೆರಳುದ್ದದ ಅಗ್ಗದ ಸಾಧನವೊಂದರಲ್ಲಿ ಆರ್‌ಟಿಎಲ್ 2832ಯು ಎಂಬ ಚಿಪ್ ಇತ್ತು. ಅದು ತಾನು ಅಳೆದ ಅಂಕಿಗಳನ್ನು ಹಾಗೆಯೇ ಹೊರಗೆ ಕೊಡಬಲ್ಲುದೆಂದು 2012ರಲ್ಲಿ ಹವ್ಯಾಸಿಗಳಿಗೆ ತಿಳಿದುಬಂದಿತು. ಪೈಥಾನ್ ಭಾಷೆಯ 'ಪೈಆರ್‌ಟಿಎಲ್‌ಎಸ್‌ಡಿಆರ್' ಎಂಬ ಲೈಬ್ರರಿ ಆ ಸಾಧನವನ್ನು ನಾಲ್ಕಾರು ಸಾಲುಗಳ ಆದೇಶಕ್ಕೆ ವಿಧೇಯವಾಗಿಸುತ್ತದೆ: ಇಂಥ ಕಂಪನಸಂಖ್ಯೆಗೆ ಹೊಂದಿಕೋ, ಸೆಕೆಂಡಿಗೆ ಇಷ್ಟು ಸಲ ಅಳೆ, ಅಳತೆಗಳನ್ನು ಒಪ್ಪಿಸು.

ಬೆಂಗಳೂರು ಆಕಾಶವಾಣಿಯ 101.3 ಮೆಗಾಹರ್ಟ್ಸ್ ಎಫ್.ಎಂ. ಪ್ರಸಾರವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಸಾಧನವನ್ನು ನೇರವಾಗಿ ಅಲ್ಲಿಗೇ ಹೊಂದಿಸದಿರುವುದು ಮೇಲು. ಪಟ್ಟಿಯ ನಟ್ಟನಡುವೆ ಸಾಧನದ್ದೇ ಆದ ಹುಸಿ ಸಂಕೇತವೊಂದು ಕುಳಿತಿರುವುದುಂಟು. 101ಕ್ಕೆ ಹೊಂದಿಸಿ, ಉಳಿದ 3 ಲಕ್ಷ ಹರ್ಟ್ಸ್ ಅಂತರವನ್ನು ಗುಣಾಕಾರದಿಂದ ಸರಿಸಬಹುದು.

ಸೆಕೆಂಡಿಗೆ 24 ಲಕ್ಷ ಅಳತೆಗಳು ಬರಲಿ. ಪ್ರತಿಯೊಂದು ಅಳತೆಯೂ ಎರಡು ಅಂಕಿಗಳ ಜೋಡಿ. ಕಾಗದದ ಮೇಲೆ ಎಳೆದರೆ ಅದೊಂದು ಬಾಣ. ಅಲೆಯ ಕಂಪನ ಹೆಚ್ಚಿದರೆ ಬಾಣ ಒಂದು ದಿಕ್ಕಿಗೆ, ತಗ್ಗಿದರೆ ಇನ್ನೊಂದು ದಿಕ್ಕಿಗೆ ತಿರುಗುತ್ತದೆ. ಎಫ್.ಎಂ. ಪ್ರಸಾರದಲ್ಲಿ ಧ್ವನಿ ಅಡಗಿರುವುದು ಈ ಏರಿಳಿತದಲ್ಲಿಯೇ. ಆದುದರಿಂದ ಒಂದು ಬಾಣಕ್ಕೂ ಮುಂದಿನ ಬಾಣಕ್ಕೂ ನಡುವಣ ಕೋನವನ್ನು ಅಳೆಯುತ್ತ ಹೋದರೆ ಧ್ವನಿ ದೊರೆಯುತ್ತದೆ.

ಇಲ್ಲೊಂದು ಎಚ್ಚರ ಅಗತ್ಯ. ಅಕ್ಕಪಕ್ಕದ ನಿಲಯಗಳನ್ನು ಸೋಸಿ ತೆಗೆದು, ಅಳತೆಗಳನ್ನು ಸೆಕೆಂಡಿಗೆ 2,40,000ಕ್ಕೆ ಇಳಿಸಬಹುದು. ಧ್ವನಿ ಅತ್ಯಂತ ಜೋರಾಗಿರುವಾಗ ಅಲೆ ತನ್ನ ನೆಲೆಯಿಂದ 75,000 ಹರ್ಟ್ಸ್‌ವರೆಗೆ ಸರಿಯುತ್ತದೆ. ಆಗ ಒಂದು ಹೆಜ್ಜೆಗೆ ಬಾಣ 112.5 ಡಿಗ್ರಿ ತಿರುಗುತ್ತದೆ. ಮಿತವ್ಯಯಕ್ಕೆಂದು ಅಳತೆಗಳನ್ನು 1,20,000ಕ್ಕೆ ಇಳಿಸಿದರೆ ತಿರುವು 225 ಡಿಗ್ರಿಯಾದೀತು. ಅರ್ಧ ಸುತ್ತನ್ನು ಮೀರಿದ ಬಾಣ ಮುಂದಕ್ಕೆ 225 ಡಿಗ್ರಿ ತಿರುಗಿತೋ ಹಿಂದಕ್ಕೆ 135 ಡಿಗ್ರಿ ತಿರುಗಿತೋ ಗಣಕಯಂತ್ರಕ್ಕೆ ತಿಳಿಯದು. ಹಾಡು ಒಡೆದು ಕರ್ಕಶವಾಗುತ್ತದೆ. ಕೋನವನ್ನು ಕಂಡುಕೊಂಡು ಧ್ವನಿಯನ್ನು ಪಡೆದ ಬಳಿಕವೇ, ಅದನ್ನು ಸೋಸಿ 48,000ಕ್ಕೆ ಇಳಿಸುವುದು ಕ್ಷೇಮ.

ಗಣಿತಕ್ಕೂ ಎಲ್ಲೆಯುಂಟು. ಈ ಸಾಧನ ಅಲೆಯನ್ನು 8 ಬಿಟ್‌ಗಳಲ್ಲಿ, ಅಂದರೆ 256 ಮೆಟ್ಟಿಲುಗಳಲ್ಲಿ ಮಾತ್ರ ಅಳೆಯುತ್ತದೆ. ಸಮೀಪದ ಪ್ರಬಲ ನಿಲಯವೊಂದು ಮೆಟ್ಟಿಲುಗಳನ್ನೆಲ್ಲ ಆಕ್ರಮಿಸಿದರೆ ದೂರದ ಕ್ಷೀಣ ಸಂಕೇತ ಅಳತೆಯಲ್ಲೇ ಕಳೆದುಹೋಗಬಹುದು; ಹಾಗೆ ಹೋದುದನ್ನು ಯಾವ ಆದೇಶವೂ ಮರಳಿ ತಾರದು. ಏರಿಯಲ್ಲನ್ನು ಎಲ್ಲಿ ನಿಲ್ಲಿಸಬೇಕು, ಸಂಕೇತವನ್ನು ಎಷ್ಟು ವರ್ಧಿಸಬೇಕು ಎಂಬ ಹಳೆಯ ವಿವೇಕ ಈ ಹೊಸ ರೇಡಿಯೋಗೂ ಬೇಕು.