ಔರಾ ಸಹಿತ ಮೈಗ್ರೇನ್ (ಅರೆತಲೆನೋವು): ಪ್ರಚೋದಕಗಳನ್ನು ಗುರುತಿಸುವ ಕ್ರಮ

(ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

ಮೈಗ್ರೇನ್ ಎಂಬ ತಲೆನೋವನ್ನು ಕನ್ನಡದಲ್ಲಿ ಅರೆತಲೆನೋವು ಎಂದು ಕರೆಯುವುದು ರೂಢಿ. ವಾಂತಿಯಾದ ನಂತರ ಹಲವರಿಗೆ ನೋವು ಇಳಿಯುವುದರಿಂದ ಇದನ್ನು ‘ಪಿತ್ತದ ತಲೆನೋವು’ ಎನ್ನುವುದೂ ಉಂಟು. ಬೆಂಗಳೂರು ನಗರ ಹಾಗೂ ಗ್ರಾಮೀಣ ಪ್ರದೇಶದ 2,329 ವಯಸ್ಕರನ್ನು ಸಂದರ್ಶಿಸಿ ನಡೆಸಿದ, 2015ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ, ಹಿಂದಿನ ಒಂದು ವರ್ಷದ ಅವಧಿಯಲ್ಲಿ ಮೈಗ್ರೇನ್ ಅನುಭವಿಸಿದವರ ಪ್ರಮಾಣವು ಶೇ. 25.2 ಎಂದು ಅಂದಾಜಿಸಲಾಗಿದೆ. ಪುರುಷರಿಗಿಂತ ಮಹಿಳೆಯರಲ್ಲಿ ಇದು ಹೆಚ್ಚು.

ಮೈಗ್ರೇನ್ ಇರುವ ಮೂವರು ಅಥವಾ ನಾಲ್ವರಲ್ಲಿ ಒಬ್ಬರಿಗೆ ನೋವಿಗೆ ಮುಂಚೆ ಕಣ್ಣಿನ ಮುಂದೆ ಬೆಳಕಿನ ಗೆರೆಗಳು ಕಾಣುವುದು, ಕೈ ಜೋಮು ಹಿಡಿಯುವುದು ಮುಂತಾದ ಲಕ್ಷಣಗಳು ತೋರುತ್ತವೆ. ಇವುಗಳಿಗೆ ‘ಔರಾ’ ಎಂದು ಹೆಸರು. ಔರಾವನ್ನು ಮೊದಲ ಬಾರಿ ಕಂಡವರು ದೃಷ್ಟಿಯೇ ಹೋಯಿತೆಂದು ಗಾಬರಿಗೊಳ್ಳುವುದು ಸಹಜ. ತದನಂತರ ಕಂಡಕಂಡ ಆಹಾರದ ಮೇಲೆ ಸಂಶಯಪಟ್ಟು ಒಂದೊಂದಾಗಿ ತ್ಯಜಿಸುವವರೂ, ಪ್ರಯಾಣ, ಮದುವೆ, ಜಾತ್ರೆಗಳನ್ನು ಬಿಡುವವರೂ, ನೌಕರಿಯನ್ನೇ ತೊರೆಯುವವರೂ ಇದ್ದಾರೆ. ಪ್ರಚೋದಕಗಳನ್ನು ಊಹೆಯಿಂದಲ್ಲದೆ ಬರವಣಿಗೆಯ ದಾಖಲೆಯಿಂದ ಗುರುತಿಸಿದಲ್ಲಿ ಇಂತಹ ಅನಾವಶ್ಯಕ ನಷ್ಟವನ್ನು ಬಹುಮಟ್ಟಿಗೆ ತಪ್ಪಿಸಬಹುದಾಗಿದೆ. ಸದರಿ ಕ್ರಮವನ್ನು ಈ ಕೆಳಗೆ ವಿವರಿಸಲಾಗಿದೆ.

2. ಔರಾ ಲಕ್ಷಣಗಳು

ಔರಾ ಅನುಭವಿಸುವವರಲ್ಲಿ ಶೇ. 90ಕ್ಕೂ ಹೆಚ್ಚು ಮಂದಿಗೆ ಅದು ದೃಷ್ಟಿಗೆ ಸಂಬಂಧಿಸಿರುತ್ತದೆ. ಸಾಮಾನ್ಯವಾಗಿ ನೋಟದ ನಡುವೆ ಸಣ್ಣದೊಂದು ಮಸುಕು ಚುಕ್ಕೆ ಮೂಡುತ್ತದೆ. ಓದುತ್ತಿರುವ ಸಾಲಿನಲ್ಲಿ ಒಂದೆರಡು ಅಕ್ಷರಗಳು ಕಾಣದಾಗುತ್ತವೆ. ಅನಂತರ ಆ ಚುಕ್ಕೆಯ ಅಂಚಿನಲ್ಲಿ ಕೋಟೆಗೋಡೆಯ ತೆನೆಗಳನ್ನು ಹೋಲುವ, ಮಿನುಗುವ ಅಂಕುಡೊಂಕು ಗೆರೆ ಕಾಣಿಸಿಕೊಂಡು ಹೊರಭಾಗಕ್ಕೆ ಹರಡುತ್ತಾ ಹೋಗುತ್ತದೆ. ಕೆಲವರಿಗೆ ಬೆರಳುಗಳಲ್ಲಿ ಆರಂಭವಾದ ಜೋಮು ಕೈಯನ್ನೇರಿ ತುಟಿ, ನಾಲಿಗೆಗಳಿಗೆ ವ್ಯಾಪಿಸುತ್ತದೆ. ಇನ್ನು ಕೆಲವರಿಗೆ ಮಾತು ತೊದಲುತ್ತದೆ ಅಥವಾ ತಕ್ಕ ಪದ ನೆನಪಿಗೆ ಬಾರದು.

ಇಂತಹ ಪ್ರತಿಯೊಂದು ಲಕ್ಷಣವೂ ಸಾಮಾನ್ಯವಾಗಿ 5 ನಿಮಿಷದಿಂದ 60 ನಿಮಿಷದವರೆಗೆ ಇದ್ದು ಪೂರ್ಣವಾಗಿ ಮರೆಯಾಗುತ್ತದೆ. ಆ ಅವಧಿಯಲ್ಲಿ ಅಥವಾ ತದನಂತರದ ಒಂದು ಗಂಟೆಯೊಳಗೆ ತಲೆನೋವು ಆರಂಭವಾಗುವುದು ವಾಡಿಕೆ. ತಲೆನೋವೇ ಇಲ್ಲದೆ ಔರಾ ಮಾತ್ರ ಬಂದುಹೋಗುವುದೂ ಉಂಟು.

3. ಔರಾ ಉಂಟಾಗುವ ಬಗೆ

ಕಣ್ಣಿನಲ್ಲಿ ದೋಷವಿರುವುದರಿಂದ ಔರಾ ಉಂಟಾಗುವುದಿಲ್ಲ. ಅದು ಮೆದುಳಿನಲ್ಲಿ ನಡೆಯುವ ಕ್ರಿಯೆ. 1941ರಲ್ಲಿ ಅಮೆರಿಕದ ಮನೋವಿಜ್ಞಾನಿ ಕಾರ್ಲ್ ಲ್ಯಾಶ್ಲಿಯವರು ತಮಗೇ ಕಾಣಿಸಿಕೊಂಡ ಔರಾದ ಗೆರೆಗಳು ಹರಡುವುದನ್ನು ಗಮನಿಸಿ, ಅದಕ್ಕೆ ಕಾರಣವಾದ ಕ್ರಿಯೆಯು ಮೆದುಳಿನ ಮೇಲ್ಪದರದಲ್ಲಿ ನಿಮಿಷಕ್ಕೆ ಸುಮಾರು 3 ಮಿಲಿಮೀಟರ್ ವೇಗದಲ್ಲಿ ಚಲಿಸುತ್ತದೆಂದು ಲೆಕ್ಕಹಾಕಿದರು. 1944ರಲ್ಲಿ ಬ್ರೆಜಿಲ್ ದೇಶದ ವಿಜ್ಞಾನಿ ಅರಿಸ್ಟಿಡೀಸ್ ಲಿಯಾವೊ ಅವರು ಮೊಲದ ಮೆದುಳಿನಲ್ಲಿ ಇದೇ ರೀತಿ ನಿಧಾನವಾಗಿ ಹರಡುವ ಅಲೆಯೊಂದನ್ನು ಗುರುತಿಸಿದರು. ಅಲೆ ಸಾಗಿದೆಡೆಯಲ್ಲಿ ನರಕೋಶಗಳು ಮೊದಲು ಉದ್ರೇಕಗೊಂಡು, ನಂತರ ಕೆಲಕಾಲ ಸ್ತಬ್ಧವಾಗುತ್ತವೆ. ಮಿನುಗುವ ಗೆರೆಯ ಹಿಂದೆಯೇ ಮಸುಕು ಕಾಣುವುದಕ್ಕೆ ಇದೇ ಕಾರಣವೆಂದು ತಿಳಿಯಲಾಗಿದೆ. ಆದ್ದರಿಂದ ಇದು ದೃಷ್ಟಿ ತಾಗಿದ್ದಾಗಲಿ, ಗಾಳಿ ಸೋಕಿದ್ದಾಗಲಿ ಅಲ್ಲ.

4. ತಕ್ಷಣ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳು

ಔರಾದ ಲಕ್ಷಣಗಳು ನಿಧಾನವಾಗಿ ಹರಡುತ್ತವೆ. ಪಾರ್ಶ್ವವಾಯುವಿನಲ್ಲಿ ದೃಷ್ಟಿ, ಮಾತು ಅಥವಾ ಕೈಕಾಲಿನ ಬಲವು ಸಾಮಾನ್ಯವಾಗಿ ಒಮ್ಮೆಲೇ ಕುಂದುತ್ತದೆ. ಈ ಕೆಳಕಂಡ ಯಾವುದೇ ಸಂದರ್ಭದಲ್ಲಿ ಮೈಗ್ರೇನ್ ಎಂದು ಭಾವಿಸಿ ಮನೆಯಲ್ಲಿ ಕಾಯದೆ, 108 ಸಂಖ್ಯೆಗೆ ಕರೆ ಮಾಡಿ ಆಸ್ಪತ್ರೆಗೆ ತೆರಳತಕ್ಕದ್ದು:

ಅ) ಮುಖ, ಕೈ ಅಥವಾ ಕಾಲಿನಲ್ಲಿ ಹಠಾತ್ತನೆ ಬಲಹೀನತೆ ಕಂಡುಬಂದಲ್ಲಿ.
ಆ) ಮಾತು ಅಥವಾ ದೃಷ್ಟಿ ಹಠಾತ್ತನೆ ನಿಂತುಹೋದಲ್ಲಿ, ವಿಶೇಷವಾಗಿ ಒಂದೇ ಕಣ್ಣಿನ ದೃಷ್ಟಿ ಹೋದಲ್ಲಿ.
ಇ) ಲಕ್ಷಣಗಳು ಒಂದು ಗಂಟೆ ಮೀರಿದರೂ ಶಮನವಾಗದಿದ್ದಲ್ಲಿ.
ಈ) ಹಿಂದೆಂದೂ ಕಾಣದಷ್ಟು ತೀವ್ರವಾದ ತಲೆನೋವು ಕ್ಷಣಮಾತ್ರದಲ್ಲಿ ಬಂದಲ್ಲಿ, ಅಥವಾ ನೋವಿನ ಜೊತೆಗೆ ಜ್ವರ, ಕತ್ತು ಸೆಟೆದುಕೊಳ್ಳುವುದು, ಪ್ರಜ್ಞೆ ಮಸುಕಾಗುವುದು ಕಂಡುಬಂದಲ್ಲಿ.
ಉ) 40 ವರ್ಷ ದಾಟಿದ ನಂತರ ಮೊದಲ ಬಾರಿಗೆ ಇಂತಹ ಲಕ್ಷಣ ಕಾಣಿಸಿಕೊಂಡಲ್ಲಿ.

ಔರಾ ಎರಡೂ ಕಣ್ಣುಗಳ ನೋಟದಲ್ಲಿ ಕಾಣುತ್ತದೆ. ಒಂದು ಕಣ್ಣನ್ನು ಮುಚ್ಚಿ ನೋಡಿ, ನಂತರ ಇನ್ನೊಂದನ್ನು ಮುಚ್ಚಿ ನೋಡಿದಲ್ಲಿ ಇದು ತಿಳಿಯುತ್ತದೆ. ಈ ವಿವರವನ್ನು ವೈದ್ಯರಿಗೆ ತಿಳಿಸುವುದು ಉಪಯುಕ್ತ.

5. ಪ್ರಚೋದಕಗಳು

ಮೈಗ್ರೇನ್‌ಗೆ ಮೂಲ ಕಾರಣವು ಬಹುಮಟ್ಟಿಗೆ ಅನುವಂಶಿಕವಾದ ಮೆದುಳಿನ ಸೂಕ್ಷ್ಮತೆ. ಈಗಾಗಲೇ ಸೂಕ್ಷ್ಮವಾಗಿರುವ ಮೆದುಳಿನಲ್ಲಿ ನೋವಿನ ಸರದಿಯನ್ನು ಆರಂಭಿಸುವ ಸಂಗತಿಗಳು ಪ್ರಚೋದಕಗಳು ಎನಿಸುತ್ತವೆ. ಸಾಮಾನ್ಯವಾಗಿ ವರದಿಯಾಗುವ ಪ್ರಚೋದಕಗಳು ಹೀಗಿವೆ:

ಅ) ಊಟ, ಉಪಾಹಾರದ ವೇಳೆ ತಪ್ಪುವುದು, ಉಪವಾಸ, ಒಪ್ಪೊತ್ತು, ರೋಜಾ ಮುಂತಾದ ಆಚರಣೆಗಳಲ್ಲಿ ಬಹುಹೊತ್ತು ಅನ್ನ-ನೀರಿಲ್ಲದಿರುವುದು.
ಆ) ರಾತ್ರಿ ಪಾಳಿ, ಜಾಗರಣೆ, ರಾತ್ರಿ ಬಸ್ಸಿನ ಪ್ರಯಾಣಗಳಿಂದ ನಿದ್ರೆ ಕೆಡುವುದು, ರಜಾದಿನದಲ್ಲಿ ಅತಿಯಾಗಿ ನಿದ್ರಿಸುವುದು.
ಇ) ಮಾನಸಿಕ ಒತ್ತಡ ಹಾಗೂ ಒತ್ತಡ ಒಮ್ಮೆಲೇ ಸಡಿಲಗೊಳ್ಳುವುದು. ಪರೀಕ್ಷೆ ಅಥವಾ ಮದುವೆ ಕೆಲಸ ಮುಗಿದ ಮರುದಿನ ನೋವು ಬರುವುದು ಇದಕ್ಕೆ ಉದಾಹರಣೆ.
ಈ) ಬಿಸಿಲು, ಪ್ರಖರ ಅಥವಾ ಮಿನುಗುವ ಬೆಳಕು, ಸೆಂಟು, ಊದುಬತ್ತಿ, ಪೇಂಟುಗಳ ಗಾಢ ವಾಸನೆ.
ಉ) ಮಹಿಳೆಯರಲ್ಲಿ ಮುಟ್ಟಿನ ಆಸುಪಾಸಿನ ದಿನಗಳು.
ಊ) ನಿತ್ಯದ ಕಾಫಿ, ಚಹಾ ಹಠಾತ್ತನೆ ತಪ್ಪುವುದು, ಮದ್ಯಪಾನ.

ಭಾರತದಲ್ಲಿ ವಿಶೇಷವಾಗಿ ಗಮನಕ್ಕೆ ಬಂದಿರುವ ಇನ್ನೊಂದು ಪ್ರಚೋದಕವು ತಲೆಸ್ನಾನ. ಮುಂಬಯಿಯ ತಲೆನೋವು ತಜ್ಞರಾದ ಡಾ. ಕೆ. ರವಿಶಂಕರ್ ಅವರು ತಲೆಸ್ನಾನದಿಂದ ಮೈಗ್ರೇನ್ ಪ್ರಚೋದನೆಗೊಂಡ 94 ರೋಗಿಗಳ ವಿವರವನ್ನು 2006ರಲ್ಲಿ ಪ್ರಕಟಿಸಿದರು. ಆದ್ದರಿಂದ ಮನೆಯ ಹೆಂಗಸರು ‘ತಲೆಗೆ ನೀರು ಹಾಕಿಕೊಂಡ ದಿನವೇ ನೋವು’ ಎಂದು ಹೇಳಿದಲ್ಲಿ ಅದನ್ನು ನೆಪವೆಂದು ತಳ್ಳಿಹಾಕತಕ್ಕದ್ದಲ್ಲ.

6. ಪ್ರಚೋದಕಕ್ಕೂ ಮುನ್ಸೂಚನೆಗೂ ಇರುವ ವ್ಯತ್ಯಾಸ

ಔರಾ ಆರಂಭವಾಗುವುದಕ್ಕೂ ಹಲವು ಗಂಟೆಗಳಷ್ಟು, ಕೆಲವೊಮ್ಮೆ ಎರಡು ದಿನಗಳಷ್ಟು ಮುಂಚೆಯೇ ಮೆದುಳಿನಲ್ಲಿ ಬದಲಾವಣೆಗಳು ಆರಂಭವಾಗಿರುತ್ತವೆ. ಪದೇಪದೇ ಆಕಳಿಕೆ, ಕತ್ತು ಬಿಗಿತ, ಸಿಡುಕು, ಸಿಹಿ ತಿನ್ನಬೇಕೆಂಬ ಬಯಕೆ, ಬೆಳಕು ಸಹಿಸಲಾಗದಿರುವುದು ಈ ಹಂತದ ಮುನ್ಸೂಚನೆಗಳು. ಬಯಕೆಯಾಗಿ ಸಿಹಿ ತಿಂದ ವ್ಯಕ್ತಿಗೆ ಮರುದಿನ ನೋವು ಬಂದಲ್ಲಿ ದೋಷವು ಸಿಹಿಯ ಮೇಲೆ ಬೀಳುತ್ತದೆ. ವಾಸ್ತವದಲ್ಲಿ ನೋವಿನ ಸರದಿಯು ಸಿಹಿ ತಿನ್ನುವ ಮೊದಲೇ ಆರಂಭವಾಗಿರಬಹುದು.

2013ರಲ್ಲಿ ಪ್ರಕಟವಾದ ಡೆನ್ಮಾರ್ಕ್ ಸಂಶೋಧಕರ ಅಧ್ಯಯನವು ಈ ವಿಷಯದಲ್ಲಿ ಗಮನಾರ್ಹ. ಪ್ರಖರ ಬೆಳಕು ಅಥವಾ ಶ್ರಮದಾಯಕ ವ್ಯಾಯಾಮವೇ ತಮ್ಮ ಔರಾಕ್ಕೆ ಕಾರಣವೆಂದು ನಂಬಿದ್ದ 27 ಮಂದಿಯನ್ನು ಸದರಿ ಪ್ರಚೋದಕಗಳಿಗೆ ಒಡ್ಡಲಾಯಿತು. ಅವರ ಪೈಕಿ 3 ಮಂದಿಗೆ ಔರಾ ಸಹಿತ ಮೈಗ್ರೇನ್ ಹಾಗೂ ಇನ್ನು 3 ಮಂದಿಗೆ ಔರಾ ಇಲ್ಲದ ಮೈಗ್ರೇನ್ ಬಂದಿತು. ಉಳಿದ 21 ಮಂದಿಗೆ ಮೈಗ್ರೇನ್ ಬರಲಿಲ್ಲ. ರೋಗಿಗಳ ಅನುಭವ ಸುಳ್ಳೆಂದು ಇದರ ಅರ್ಥವಲ್ಲ. ಒಂದೇ ಸಂಗತಿಯು ಎಲ್ಲ ದಿನಗಳಲ್ಲೂ ನೋವನ್ನು ತರುವುದಿಲ್ಲ, ನೆನಪೊಂದನ್ನೇ ನಂಬಿ ತೀರ್ಮಾನಿಸಲಾಗದು ಎಂಬುದು ಇದರಿಂದ ವ್ಯಕ್ತವಾಗುತ್ತದೆ.

7. ತಲೆನೋವಿನ ದಿನಚರಿ ಬರೆಯುವ ಕ್ರಮ

ಒಂದು ನೋಟ್‌ಬುಕ್ಕಿನಲ್ಲಿ ಕನಿಷ್ಠ ಮೂರು ತಿಂಗಳು ಪ್ರತಿದಿನ ರಾತ್ರಿ ಈ ಕೆಳಕಂಡ ಅಂಶಗಳನ್ನು ನಮೂದಿಸುವುದು:

ಅ) ದಿನಾಂಕ, ಮಲಗಿದ ಮತ್ತು ಎದ್ದ ವೇಳೆ.
ಆ) ಊಟ, ಉಪಾಹಾರದ ವೇಳೆ, ತಪ್ಪಿದ್ದಲ್ಲಿ ಆ ವಿವರ.
ಇ) ತಲೆಸ್ನಾನ, ಬಿಸಿಲು, ಪ್ರಯಾಣ, ಉಪವಾಸ, ಒತ್ತಡ; ಮಹಿಳೆಯರಿಗೆ ಮುಟ್ಟಿನ ದಿನ.
ಈ) ಸಂಶಯವಿರುವ ಒಂದೆರಡು ಆಹಾರ ಪದಾರ್ಥಗಳನ್ನು ಸೇವಿಸಲಾಗಿದೆಯೇ, ಇಲ್ಲವೇ.
ಉ) ಮುನ್ಸೂಚನೆಗಳು, ಔರಾ ಆರಂಭವಾದ ಮತ್ತು ಮುಗಿದ ಸಮಯ, ನೋವಿನ ಅವಧಿ.
ಊ) ತೆಗೆದುಕೊಂಡ ಮಾತ್ರೆಯ ಹೆಸರು ಹಾಗೂ ಸಂಖ್ಯೆ.

ನೋವಿಲ್ಲದ ದಿನಗಳನ್ನೂ ತಪ್ಪದೆ ಬರೆಯತಕ್ಕದ್ದು. ಬಹುತೇಕ ಮಂದಿ ನೋವು ಬಂದ ದಿನ ಮಾತ್ರ ಹಿಂದಿನ ದಿನ ತಿಂದದ್ದನ್ನು ನೆನೆಯುತ್ತಾರೆ. ಖರ್ಚನ್ನು ಮಾತ್ರ ಬರೆದು ಜಮೆಯನ್ನು ಬಿಟ್ಟ ಪುಸ್ತಕದ ಲೆಕ್ಕ ಹೇಗೆ ತಾಳೆಯಾಗದೋ ಹಾಗೆಯೇ ಇದೂ ತಾಳೆಯಾಗದು.

8. ಲೆಕ್ಕ ನೋಡುವ ವಿಧಾನ – ಒಂದು ಕಲ್ಪಿತ ಉದಾಹರಣೆ

ಗಾರ್ಮೆಂಟ್ಸ್ ನೌಕರರೊಬ್ಬರು 90 ದಿನಗಳ ದಿನಚರಿಯನ್ನು ಬರೆದಿದ್ದು, ಆ ಅವಧಿಯಲ್ಲಿ 6 ಬಾರಿ ಔರಾ ಸಹಿತ ನೋವು ಬಂದಿದೆ ಎಂದು ಭಾವಿಸೋಣ. ಬದನೆಕಾಯಿ ನಂಜೆಂಬ ಕಾರಣದಿಂದ ಅದರ ಮೇಲೆ ಅವರಿಗೆ ಸಂಶಯವಿದೆ. ಬದನೆಕಾಯಿ ತಿಂದ 30 ದಿನಗಳಿಗೆ ಸಂಬಂಧಿಸಿ 2 ಬಾರಿ, ತಿನ್ನದ 60 ದಿನಗಳಿಗೆ ಸಂಬಂಧಿಸಿ 4 ಬಾರಿ ನೋವು ಬಂದಿದೆ. ಎರಡೂ ಕಡೆ 15 ದಿನಕ್ಕೆ ಒಂದು ಬಾರಿ ಎಂದಾಯಿತು. ಅಂದರೆ ಬದನೆಕಾಯಿಯನ್ನು ದೂರಲು ದಾಖಲೆಯಲ್ಲಿ ಆಧಾರವಿಲ್ಲ.

ಅದೇ ಪುಸ್ತಕದ ಪ್ರಕಾರ, ಬೆಳಗಿನ ಪಾಳಿಗೆ ಹೊರಡುವ ಅವಸರದಲ್ಲಿ ತಿಂಡಿ ಬಿಟ್ಟ ದಿನಗಳು 12, ಆಗ ಬಂದ ನೋವು 4 ಬಾರಿ. ತಿಂಡಿ ತಿಂದ ದಿನಗಳು 78, ಆಗ ಬಂದ ನೋವು 2 ಬಾರಿ. ಮೊದಲನೆಯದು 3 ದಿನಕ್ಕೆ ಒಂದು, ಎರಡನೆಯದು 39 ದಿನಕ್ಕೆ ಒಂದು. ಸಂಶಯಪಡಬೇಕಾದ ಅಂಶವು ಇಲ್ಲಿದೆ. ಮುಂದಿನ ಮೂರು ತಿಂಗಳು ತಿಂಡಿಯ ವೇಳೆಯೊಂದನ್ನು ಮಾತ್ರ ಸರಿಪಡಿಸಿಕೊಂಡು, ಉಳಿದೆಲ್ಲವನ್ನೂ ಮೊದಲಿನಂತೆಯೇ ನಡೆಸಿ, ದಿನಚರಿಯನ್ನು ಮುಂದುವರಿಸುವುದು ಸೂಕ್ತ. ಒಮ್ಮೆಲೇ ಹಲವನ್ನು ಬದಲಿಸಿದಲ್ಲಿ ಯಾವುದರಿಂದ ಪ್ರಯೋಜನವಾಯಿತೆಂಬುದು ತಿಳಿಯದು.

ಕೆಲವು ಪ್ರಚೋದಕಗಳು ಪ್ರತ್ಯೇಕವಾಗಿದ್ದಾಗ ನಿರುಪದ್ರವಿಯಾಗಿದ್ದು, ಒಟ್ಟುಗೂಡಿದಾಗ ನೋವನ್ನು ತರಬಹುದು. ಶುಕ್ರವಾರದ ತಲೆಸ್ನಾನ ಮತ್ತು ಉಪವಾಸ ಒಂದೇ ದಿನ ಬರುವಂತಿದ್ದಲ್ಲಿ ತಲೆಸ್ನಾನವನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳಬಹುದು. ತಪ್ಪಿಸಲಾಗದ ಮುಟ್ಟು, ಬಿಸಿಲು, ಒತ್ತಡಗಳಿರುವ ದಿನಗಳಲ್ಲಿ ಊಟ-ನಿದ್ರೆಗಳ ವೇಳೆಯನ್ನು ಹೆಚ್ಚು ಕಟ್ಟುನಿಟ್ಟಾಗಿ ಪಾಲಿಸುವುದರಿಂದ ಹೊರೆ ಕಡಿಮೆಯಾಗುತ್ತದೆ.

9. ಔರಾ ಆರಂಭವಾದಾಗ

ವಾಹನ ಚಲಾಯಿಸುತ್ತಿರುವವರು ಕೂಡಲೇ ರಸ್ತೆಯ ಬದಿಗೆ ನಿಲ್ಲಿಸತಕ್ಕದ್ದು. ಯಂತ್ರ, ಒಲೆ, ಏಣಿಗಳ ಬಳಿ ಇರುವವರು ಅಲ್ಲಿಂದ ಸರಿಯುವುದು. ಮಬ್ಬು ಬೆಳಕಿನ, ಸದ್ದಿಲ್ಲದ ಜಾಗದಲ್ಲಿ ವಿಶ್ರಮಿಸುವುದು ಹಿತಕರ. ವೈದ್ಯರು ಸೂಚಿಸಿದ ನೋವಿನ ಮಾತ್ರೆಯನ್ನು ವಿಳಂಬಿಸದೆ ತೆಗೆದುಕೊಳ್ಳುವುದು. ಟ್ರಿಪ್ಟಾನ್ ವರ್ಗದ ಮಾತ್ರೆಗಳನ್ನು ಮಾತ್ರ ತಲೆನೋವು ಆರಂಭವಾದ ನಂತರ ಸೇವಿಸುವಂತೆ ಸಲಹೆ ನೀಡಲಾಗುತ್ತದೆ. ಹೃದ್ರೋಗವಿರುವವರಿಗೆ ಇವು ಸೂಕ್ತವಲ್ಲ.

ಪ್ಯಾರಸಿಟಮಾಲ್, ಐಬುಪ್ರೊಫೆನ್‌ನಂತಹ ಸಾಮಾನ್ಯ ಮಾತ್ರೆಗಳನ್ನು ತಿಂಗಳಿಗೆ 15 ಅಥವಾ ಹೆಚ್ಚು ದಿನ, ಟ್ರಿಪ್ಟಾನ್, ಎರ್ಗೋಟಮೈನ್ ಹಾಗೂ ಮಿಶ್ರ ಮಾತ್ರೆಗಳನ್ನು 10 ಅಥವಾ ಹೆಚ್ಚು ದಿನ, ಮೂರು ತಿಂಗಳು ಮೀರಿ ಸೇವಿಸಿದಲ್ಲಿ ಮಾತ್ರೆಯಿಂದಲೇ ತಲೆನೋವು ಹೆಚ್ಚುವ ಸಂಭವವಿದೆ. ದಿನಚರಿಯಲ್ಲಿ ಮಾತ್ರೆಗಳ ಸಂಖ್ಯೆಯನ್ನು ಬರೆಯುವ ಉದ್ದೇಶವೂ ಇದೇ. ನೋವು ಪದೇಪದೇ ಬರುವವರಿಗೆ ಪ್ರತಿದಿನ ಸೇವಿಸುವ ತಡೆ ಔಷಧಿಗಳು ಲಭ್ಯವಿದ್ದು, ಅವುಗಳ ಬಗ್ಗೆ ವೈದ್ಯರೊಡನೆ ಸಮಾಲೋಚಿಸುವುದು.

10. ಮಹಿಳೆಯರ ವಿಶೇಷ ಗಮನಕ್ಕೆ

ಔರಾ ಸಹಿತ ಮೈಗ್ರೇನ್ ಇರುವವರಲ್ಲಿ ಪಾರ್ಶ್ವವಾಯುವಿನ ಸಂಭವವು ಇತರರಿಗಿಂತ ಸುಮಾರು ಎರಡು ಪಟ್ಟು ಇರುತ್ತದೆ. ಕಿರಿಯ ವಯಸ್ಸಿನಲ್ಲಿ ಆ ಸಂಭವವೇ ಬಹಳ ಕಡಿಮೆ ಇರುವುದರಿಂದ ಭಯಪಡುವ ಅಗತ್ಯವಿಲ್ಲ. ಆದರೆ ಧೂಮಪಾನ ಮತ್ತು ಈಸ್ಟ್ರೋಜನ್ ಹಾರ್ಮೋನ್ ಇರುವ ಗರ್ಭನಿರೋಧಕ ಮಾತ್ರೆಗಳು ಈ ಅಪಾಯವನ್ನು ಹೆಚ್ಚಿಸುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಂತೆ ಔರಾ ಇರುವ ಮಹಿಳೆಯರು ಇಂತಹ ಮಾತ್ರೆಗಳನ್ನು ಬಳಸತಕ್ಕದ್ದಲ್ಲ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ವಿತರಿಸುವ ಮಾಲಾ-ಎನ್ ಮಾತ್ರೆಯಲ್ಲಿಯೂ ಈಸ್ಟ್ರೋಜನ್ ಇರುತ್ತದೆ. ಆದುದರಿಂದ ಮಾತ್ರೆ ಪಡೆಯುವ ಮುನ್ನ ಆಶಾ ಕಾರ್ಯಕರ್ತೆ ಅಥವಾ ವೈದ್ಯಾಧಿಕಾರಿಗೆ ‘ತಲೆನೋವಿಗೆ ಮುಂಚೆ ಕಣ್ಣಿನ ಮುಂದೆ ಗೆರೆ ಕಾಣುತ್ತದೆ’ ಎಂಬುದನ್ನು ಸಂಕೋಚವಿಲ್ಲದೆ ತಿಳಿಸತಕ್ಕದ್ದು. ವಂಕಿ (ಕಾಪರ್-ಟಿ), ಕಾಂಡೋಮ್, ಛಾಯಾ ಮಾತ್ರೆ ಮುಂತಾದ ಈಸ್ಟ್ರೋಜನ್ ರಹಿತ ವಿಧಾನಗಳಲ್ಲಿ ಸೂಕ್ತವಾದುದನ್ನು ಸೂಚಿಸಲು ಅವರಿಗೆ ಇದರಿಂದ ಅನುಕೂಲವಾಗುತ್ತದೆ. ಈಗಾಗಲೇ ಮಾಲಾ-ಎನ್ ಬಳಸುತ್ತಿರುವವರು ವಿಳಂಬವಿಲ್ಲದೆ ವೈದ್ಯರನ್ನು ಕಂಡು ಬದಲಿ ವಿಧಾನವನ್ನು ಪಡೆಯುವುದು.

11. ಸೇವೆ ಪಡೆಯುವ ಬಗೆ

ಮೊದಲಿಗೆ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ನಗರ ಪ್ರದೇಶದಲ್ಲಿ ನಮ್ಮ ಕ್ಲಿನಿಕ್‌ನ ವೈದ್ಯರನ್ನು ಭೇಟಿ ಮಾಡುವುದು. ದೂರದ ಊರಿನವರು ಇ-ಸಂಜೀವಿನಿ ದೂರಸಮಾಲೋಚನೆಯ ಮೂಲಕವೂ ಸಲಹೆ ಪಡೆಯಬಹುದಾಗಿದೆ. ನಿಮ್ಹಾನ್ಸ್ ಸಹಯೋಗದೊಂದಿಗೆ ರಾಜ್ಯದಲ್ಲಿ 2022ರಲ್ಲಿ ಆರಂಭಗೊಂಡ ಕರ್ನಾಟಕ ಮೆದುಳು ಆರೋಗ್ಯ ಕಾರ್ಯಕ್ರಮದಲ್ಲಿ (ಕಭಿ) ಪಾರ್ಶ್ವವಾಯು, ಅಪಸ್ಮಾರ (ಮೂರ್ಛೆರೋಗ), ಮರೆವಿನ ಕಾಯಿಲೆಗಳೊಂದಿಗೆ ತಲೆನೋವನ್ನೂ ಸೇರಿಸಲಾಗಿದೆ. ಹೆಚ್ಚಿನ ತಪಾಸಣೆ ಅಗತ್ಯವಿದ್ದಲ್ಲಿ ವೈದ್ಯರು ಜಿಲ್ಲಾ ಆಸ್ಪತ್ರೆಗೆ ಶಿಫಾರಸು ಮಾಡುತ್ತಾರೆ.

ಭೇಟಿಯ ವೇಳೆ ದಿನಚರಿ ಪುಸ್ತಕ, ಹಿಂದಿನ ಔಷಧಿ ಚೀಟಿಗಳು ಹಾಗೂ ಸೇವಿಸುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಗಳನ್ನು ಕೊಂಡೊಯ್ಯುವುದು. ಮೈಗ್ರೇನ್ ಅನ್ನು ಗುರುತಿಸಲು ರಕ್ತಪರೀಕ್ಷೆಯಾಗಲಿ ಸ್ಕ್ಯಾನಿಂಗ್ ಆಗಲಿ ಇಲ್ಲ. ಸ್ಕ್ಯಾನಿಂಗ್ ಮಾಡಿಸುವುದು ಬೇರೆ ಕಾಯಿಲೆಗಳಿಲ್ಲವೆಂದು ಖಚಿತಪಡಿಸಿಕೊಳ್ಳಲು ಮಾತ್ರ. ರೋಗಿ ನೀಡುವ ವಿವರವೇ ರೋಗನಿರ್ಣಯಕ್ಕೆ ಮುಖ್ಯ ಆಧಾರ. ಹತ್ತು ನಿಮಿಷದ ಭೇಟಿಯಲ್ಲಿ ಬಾಯಿಮಾತಿನಲ್ಲಿ ಹೇಳಲಾಗದ್ದನ್ನು ಮೂರು ತಿಂಗಳ ದಿನಚರಿಯು ಒಂದೇ ನೋಟಕ್ಕೆ ತಿಳಿಸುತ್ತದೆ. ಕೆಲಸದ ಸ್ಥಳದಲ್ಲಿ ರಜೆ ಅಥವಾ ಪಾಳಿ ಬದಲಾವಣೆ ಕೋರಿ ಅರ್ಜಿ ಸಲ್ಲಿಸುವವರಿಗೂ ವೈದ್ಯರ ಪ್ರಮಾಣಪತ್ರದ ಜೊತೆಗೆ ಇಂತಹ ದಾಖಲೆಯು ಸಹಕಾರಿಯಾಗುತ್ತದೆ.

ಮೈಗ್ರೇನ್ ಅನ್ನು ಸಂಪೂರ್ಣವಾಗಿ ಇಲ್ಲವಾಗಿಸುವ ಔಷಧಿ ಲಭ್ಯವಿಲ್ಲ. ಆದರೆ ಯಾವುದನ್ನು ಬಿಡಬೇಕು, ಯಾವುದನ್ನು ಬಿಡಬೇಕಾಗಿಲ್ಲ ಎಂಬುದು ಲೆಕ್ಕದಿಂದ ಸ್ಪಷ್ಟವಾದಲ್ಲಿ ನೋವಿನ ದಿನಗಳನ್ನು ಕಡಿಮೆ ಮಾಡಿಕೊಳ್ಳಲು ಹಾಗೂ ಉಳಿದ ದಿನಗಳನ್ನು ಭಯವಿಲ್ಲದೆ ಕಳೆಯಲು ಸಾಧ್ಯವಿದೆ. ಸಾರ್ವಜನಿಕರು ಇದರ ಸದುಪಯೋಗ ಪಡೆದುಕೊಳ್ಳುವಂತೆ ಕೋರಲಾಗಿದೆ.