ಉಪಗ್ರಹ ನಮ್ಮದು, ವಾಹನ ಯಾರದು?

ಪರರ ಸಾಮಗ್ರಿಯಿಂದ ಕಾರ್ಯ ಸಾಗಿಸುವುದು ಒಂದು ಬಗೆ. ಆ ಸಾಮಗ್ರಿಯನ್ನು ತಾನೇ ನಿರ್ಮಿಸುವ ಶಕ್ತಿಯನ್ನು ಸಂಪಾದಿಸುವುದು ಮತ್ತೊಂದು ಬಗೆ. ಮೊದಲನೆಯದರಿಂದ ಅಂದಿನ ಕೆಲಸವೇನೋ ನಡೆದೀತು. ರಾಷ್ಟ್ರವು ತಲೆಯೆತ್ತಿ ನಿಲ್ಲುವುದು ಎರಡನೆಯದರಿಂದಲೇ. ಈ ಮಾತಿಗೆ ಭಾರತದ ರಾಕೆಟ್ಟುಗಳ ಚರಿತ್ರೆಯು ಒಳ್ಳೆಯ ನಿದರ್ಶನವಾಗಿದೆ.

1963ನೆಯ ಇಸವಿ ನವೆಂಬರ್ 21ರಂದು ತಿರುವನಂತಪುರದ ಸಮೀಪದ ತುಂಬಾ ಎಂಬ ಮೀನುಗಾರರ ಗ್ರಾಮದಿಂದ ನಮ್ಮ ನೆಲದ ಮೊದಲ ಶೋಧಕ ರಾಕೆಟ್ಟು ಮೇಲೇರಿತು. ಭೂಕಾಂತದ ಸಮಭಾಜಕ ರೇಖೆಯು ಆ ಗ್ರಾಮದ ಬಳಿಯಲ್ಲಿಯೇ ಹಾದುಹೋಗುವುದರಿಂದ, ಮೇಲಿನ ವಾಯುಮಂಡಲವನ್ನು ಪರೀಕ್ಷಿಸಲು ಅದು ಯೋಗ್ಯ ಸ್ಥಳವಾಗಿತ್ತು. ನೆಲವು ನಮ್ಮದಾದರೂ ರಾಕೆಟ್ಟು ಅಮೆರಿಕೆಯದಾಗಿತ್ತು. ನಮ್ಮವರೇ ನಿರ್ಮಿಸಿದ ‘ರೋಹಿಣಿ-75’ ಮೇಲೇರಿದ್ದು 1967ರ ನವೆಂಬರಿನಲ್ಲಿ. ಹೆಸರಿನೊಳಗಿನ ಅಂಕಿಯು ಅದರ ವ್ಯಾಸವನ್ನು ಮಿಲಿಮೀಟರುಗಳಲ್ಲಿ ತಿಳಿಸುವುದು. ಎಂದರೆ ಅದರ ಅಗಲವು ಸುಮಾರು ನಾಲ್ಕು ಬೆರಳು ಮಾತ್ರ! ಅದೇ ಕುಲದ ‘ರೋಹಿಣಿ-560’ ಮುಂದೆ ನೂರು ಕಿಲೋಗ್ರಾಮಿನಷ್ಟು ಉಪಕರಣಗಳನ್ನು ನಾಲ್ಕುನೂರು ಕಿಲೋಮೀಟರಿಗೂ ಮಿಕ್ಕ ಎತ್ತರಕ್ಕೆ ಒಯ್ಯುವಷ್ಟು ಬೆಳೆಯಿತು.

ಆದರೆ ಶೋಧಕ ರಾಕೆಟ್ಟು ಮೇಲೇರಿ, ಕೆಲವು ನಿಮಿಷ ಆಕಾಶವನ್ನು ಅಳೆದು, ಎಸೆದ ಕಲ್ಲಿನಂತೆ ಮರಳಿ ಬೀಳತಕ್ಕದ್ದು. ಉಪಗ್ರಹವಾದರೋ ಬೀಳದೆ ಭೂಮಿಯನ್ನು ಸುತ್ತಬೇಕಾದರೆ ಸೆಕೆಂಡಿಗೆ ಏಳೂವರೆ ಕಿಲೋಮೀಟರಿನಷ್ಟು ವೇಗವನ್ನು ಪಡೆಯಬೇಕು. ಈ ವೇಗವು ಒಂದೇ ಕೊಳವೆಯಿಂದ ಸುಲಭವಾಗಿ ಸಿಕ್ಕುವಂಥದಲ್ಲ. ಆದುದರಿಂದಲೇ ವಾಹನವನ್ನು ಹಂತಹಂತವಾಗಿ ಕಟ್ಟಿ, ಉರಿದು ಮುಗಿದ ಹಂತವನ್ನು ಕಳಚಿಹಾಕಿ, ಹಗುರಾಗಿ ಮುಂದುವರಿಯುವ ಉಪಾಯವನ್ನು ಅನುಸರಿಸುವರು.

ಈ ವಿದ್ಯೆಯು ಕೈಸೇರುವ ಮುನ್ನ ನಮ್ಮ ಸ್ಥಿತಿ ಹೇಗಿದ್ದಿತು? ಬೆಂಗಳೂರಿನ ಪೀಣ್ಯದಲ್ಲಿ, ಉಡುಪಿ ಸೀಮೆಯವರಾದ ಪ್ರೊ. ಯು. ಆರ್. ರಾವ್ ಅವರ ನೇತೃತ್ವದಲ್ಲಿ ಸಿದ್ಧವಾದ ‘ಆರ್ಯಭಟ’ವನ್ನು 1975ರ ಏಪ್ರಿಲ್ 19ರಂದು ಕಕ್ಷೆಗೇರಿಸಿದ್ದು ಸೋವಿಯತ್ ರಾಕೆಟ್ಟು. ಉಪಗ್ರಹ ನಮ್ಮದು, ವಾಹನ ನೆರೆಯವರದು. ಐದು ವರ್ಷಗಳ ಮೇಲೆ, 1980ರ ಜುಲೈ 18ರಂದು, ಶ್ರೀಹರಿಕೋಟೆಯಿಂದ ಎಸ್.ಎಲ್.ವಿ.-3 ನಮ್ಮದೇ ಉಪಗ್ರಹವನ್ನು ಕಕ್ಷೆಯಲ್ಲಿರಿಸಿತು. ಇಪ್ಪತ್ತೆರಡು ಮೀಟರ್ ಎತ್ತರ, ಹದಿನೇಳು ಟನ್ ತೂಕ, ಘನ ಇಂಧನದ ನಾಲ್ಕು ಹಂತಗಳು. ಇಷ್ಟೆಲ್ಲವೂ ಕೇವಲ ನಾಲ್ವತ್ತು ಕಿಲೋಗ್ರಾಮಿನ ಹೊರೆಗಾಗಿ! ಅದರ ಮೊದಲ ಪ್ರಯತ್ನವು ಹಿಂದಿನ ವರ್ಷವೇ ಸಮುದ್ರದ ಪಾಲಾಗಿದ್ದಿತು.

ಅದರ ಬಳಿಕ ಬಂದ ಎ.ಎಸ್.ಎಲ್.ವಿ. ಎರಡು ಬಾರಿ ಸೋತು 1992ರಲ್ಲಿ ಗೆದ್ದಿತು. ಪಿ.ಎಸ್.ಎಲ್.ವಿ.ಯೂ 1993ರಲ್ಲಿ ಮೊದಲು ಸೋತೇ ಮುಂದಿನ ವರ್ಷ ಗೆದ್ದಿತು. ಘನ ಮತ್ತು ದ್ರವ ಇಂಧನಗಳ ಹಂತಗಳನ್ನು ಒಂದರ ಮೇಲೊಂದು ಸರದಿಯಾಗಿ ಪೇರಿಸಿದ ಈ ವಾಹನವೇ 2008ರಲ್ಲಿ ಚಂದ್ರನೆಡೆಗೂ 2013ರಲ್ಲಿ ಮಂಗಳನೆಡೆಗೂ ನಮ್ಮ ನೌಕೆಗಳನ್ನು ಹೊತ್ತಿತು.

ಅತ್ಯಂತ ಕಠಿಣವಾದ ಪಾಠವು ಶೈತ್ಯ ಇಂಧನದ ಯಂತ್ರದಿಂದ ಬಂದಿತು. ಶೂನ್ಯಕ್ಕಿಂತ 253 ಡಿಗ್ರಿ ಕೆಳಗಿನ ದ್ರವ ಜಲಜನಕವನ್ನೂ 183 ಡಿಗ್ರಿ ಕೆಳಗಿನ ದ್ರವ ಆಮ್ಲಜನಕವನ್ನೂ ಉರಿಸುವ ಈ ಯಂತ್ರವಿಲ್ಲದೆ ಭಾರವಾದ ಉಪಗ್ರಹಗಳನ್ನು ದೂರದ ಕಕ್ಷೆಗೆ ಕಳುಹಿಸುವುದು ದುಸ್ತರ. ಇದರ ರಹಸ್ಯವನ್ನು ರಷ್ಯದಿಂದ ಕೊಳ್ಳಲು ಒಪ್ಪಂದವಾಗಿತ್ತು. ಅಮೆರಿಕೆಯು ಅಡ್ಡಬಂದು 1992ರಲ್ಲಿ ನಿರ್ಬಂಧ ವಿಧಿಸಿತು. ರಷ್ಯವು ಸಿದ್ಧಯಂತ್ರಗಳನ್ನು ಕೊಟ್ಟಿತೇ ಹೊರತು ವಿದ್ಯೆಯನ್ನು ಕೊಡಲಿಲ್ಲ. ನಮ್ಮವರು ಕೈಕಟ್ಟಿ ಕೂರಲಿಲ್ಲ. ಸ್ವದೇಶೀ ಯಂತ್ರವು 2010ರಲ್ಲಿ ಸೋತು, 2014ರ ಜನವರಿ 5ರಂದು ಸಫಲವಾಯಿತು. ನೆರೆಯವರು ಮುಚ್ಚಿದ ಬಾಗಿಲೇ ನಮಗೆ ಗುರುವಾಯಿತೆಂದರೆ ತಪ್ಪಾಗಲಾರದು.

ಹಾಗೆಂದು ನಾವು ಜಯಘೋಷದಲ್ಲಿ ಮೈಮರೆಯುವುದು ತರವಲ್ಲ. 640 ಟನ್ ತೂಕದ ನಮ್ಮ ಮಹಾವಾಹನವಾದ ಎಲ್.ವಿ.ಎಂ.-3, ಭೂಸ್ಥಿರ ಕಕ್ಷೆಯ ದಾರಿಗೆ ಸುಮಾರು ನಾಲ್ಕು ಟನ್ ಹೊರುವಂತೆ ರಚಿತವಾದುದು. ಆದುದರಿಂದ 4,700 ಕಿಲೋಗ್ರಾಮಿನ ನಮ್ಮದೊಂದು ಉಪಗ್ರಹವು 2024ರ ನವೆಂಬರಿನಲ್ಲಿ ಅಮೆರಿಕೆಯ ಖಾಸಗಿ ಕಂಪೆನಿಯ ರಾಕೆಟ್ಟನ್ನೇರಿ ಹೋಗಬೇಕಾಯಿತು. ಆರ್ಯಭಟನ ಕಾಲದ ಪ್ರಶ್ನೆಯು ಇನ್ನೂ ಪೂರ್ಣವಾಗಿ ತೀರಿಲ್ಲ. ಇತ್ತ 2025ರ ಮೇ 18ರಂದು, ಅನುಭವಸ್ಥ ಪಿ.ಎಸ್.ಎಲ್.ವಿ.ಯೇ ಮೂರನೆಯ ಹಂತದಲ್ಲಿ ಎಡವಿತು.

ಇಂಥ ಎಡವಟ್ಟಿಗೆ ನಗುವವರು ಈ ಚರಿತ್ರೆಯನ್ನು ಓದಲಿ. ಸೋಲದೆ ಗೆದ್ದ ವಾಹನವು ಇದರಲ್ಲಿ ವಿರಳ. ಆದರೆ ಸೋಲು ಪಾಠವಾಗಬೇಕಾದರೆ ಅದರ ಕಾರಣವನ್ನು ಹುಡುಕುವುದಷ್ಟೇ ಸಾಲದು. ಅದನ್ನು ಜನರ ಮುಂದಿಡಬೇಕು. ಈ ಕಾರ್ಯಕ್ಕೆ ಹಣ ತೆತ್ತವರು ಬಡ ಪ್ರಜೆಗಳು. ಗೆಲುವಿನ ದಿನ ಅವರನ್ನು ಸಂತೋಷಕ್ಕೆ ಕರೆಯುವವರು, ಸೋಲಿನ ದಿನ ಲೆಕ್ಕ ಒಪ್ಪಿಸಲೂ ಕರೆಯತಕ್ಕದ್ದು. ಅಂಥ ನಂಬಿಕೆಯಿದ್ದಲ್ಲಿ ಇನ್ನೂ ದೊಡ್ಡ ವಾಹನಕ್ಕೆ ಬೇಕಾದ ತಾಳ್ಮೆಯನ್ನು ನಮ್ಮ ಜನರು ತೋರುವರೆಂಬುದರಲ್ಲಿ ನಮಗೆ ಸಂದೇಹವಿಲ್ಲ.